ಜೋಡಿ ಕಾಳಗದಲ್ಲಿ ಪೋಕೆಮಾನ್ ಒಂದರ ಯೋಗ್ಯತೆಯನ್ನು ಅಳೆಯುವ ಬಗೆ

2014ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ನಡೆದ ಪೋಕೆಮಾನ್ ವಿಡಿಯೋ ಗೇಮ್‌ನ ವಿಶ್ವ ಚಾಂಪಿಯನ್‌ಷಿಪ್ಪನ್ನು ದಕ್ಷಿಣ ಕೊರಿಯಾದ ಸೇಜುನ್ ಪಾರ್ಕ್ ಗೆದ್ದಾಗ ಅವರ ತಂಡದಲ್ಲಿ ಪಚಿರಿಸು ಎಂಬ ಅಳಿಲಿನಂಥ ಪುಟ್ಟ ಪ್ರಾಣಿಯಿತ್ತು. ಅದರ ಆರು ಮೂಲ ಅಂಕಗಳನ್ನು (ಜೀವ, ದಾಳಿ, ರಕ್ಷಣೆ, ವಿಶೇಷ ದಾಳಿ, ವಿಶೇಷ ರಕ್ಷಣೆ, ಸ್ಪೀಡ್) ಕೂಡಿದರೆ ಬರುವುದು 405 ಮಾತ್ರ. ಅದೇ ತಂಡದಲ್ಲಿದ್ದ ಗಾರ್ಚಾಂಪ್‌ನ ಮೊತ್ತ 600. ಆದರೂ ಪಚಿರಿಸುವಿನ ಆಯ್ಕೆ ಹುಡುಗಾಟದ್ದಾಗಿರಲಿಲ್ಲ. ಪಕ್ಕದಲ್ಲಿ ನಿಲ್ಲುತ್ತಿದ್ದ ಗ್ಯಾರಡಾಸ್‌ಗೆ ವಿದ್ಯುತ್ ದಾಳಿ ನಾಲ್ಕು ಪಟ್ಟು ತಾಗುತ್ತದೆ. ಪಚಿರಿಸು ‘ಫಾಲೋ ಮೀ’ ಎಂಬ ಮೂವ್ (ಕಾಳಗದ ಪಟ್ಟು) ಬಳಸಿ ಆ ದಾಳಿಯನ್ನು ತನ್ನತ್ತ ಸೆಳೆದುಕೊಂಡರೆ, ‘ವೋಲ್ಟ್ ಅಬ್ಸಾರ್ಬ್’ ಎಂಬ ಎಬಿಲಿಟಿಯಿಂದಾಗಿ, ಅಂದರೆ ಹುಟ್ಟುಗುಣದಿಂದಾಗಿ, ಪೆಟ್ಟು ತಿನ್ನುವ ಬದಲು ಚೇತರಿಸಿಕೊಳ್ಳುತ್ತಿತ್ತು. ಅದರ ‘ಸೂಪರ್ ಫ್ಯಾಂಗ್’ ಎದುರಾಳಿಯ ಉಳಿದ ಜೀವದಲ್ಲಿ ಅರ್ಧವನ್ನು ಕಿತ್ತುಕೊಳ್ಳುವ ಮೂವ್ ಆದ್ದರಿಂದ ಬಳಸುವವನ ದಾಳಿಯ ಅಂಕ ಎಷ್ಟಿದ್ದರೂ ಫಲ ಒಂದೇ. ಅಂದರೆ, ಅದರ ದುರ್ಬಲ ಅಂಕಗಳು ಅದು ಮಾಡಬೇಕಾಗಿದ್ದ ಕೆಲಸಕ್ಕೆ ಸಂಬಂಧವೇ ಇಲ್ಲದವಾಗಿದ್ದವು.

ಹೀಗಾಗಿ, ಯಾವುದೇ ಪೋಕೆಮಾನ್ ಅನ್ನು ತಂಡಕ್ಕೆ ಸೇರಿಸುವ ಮುನ್ನ ಕೇಳಬೇಕಾದುದು ‘ಇದು ಎಷ್ಟು ಬಲಿಷ್ಠ?’ ಎಂದಲ್ಲ, ‘ಇದು ನಿಂತ ಸುತ್ತಿನಲ್ಲಿ ಪಕ್ಕದವನಿಗೆ ಏನು ಸಾಧ್ಯವಾಗುತ್ತದೆ?’ ಎಂದು. ಅಧಿಕೃತ ಪಂದ್ಯದಲ್ಲಿ ಆರು ಪೋಕೆಮಾನ್ ಒಯ್ದು, ಎದುರಾಳಿಯ ಆರನ್ನೂ ನೋಡಿ, 90 ಸೆಕೆಂಡಿನೊಳಗೆ ನಾಲ್ಕನ್ನು ಆರಿಸುತ್ತೇವೆ. ಕಣದಲ್ಲಿ ಒಮ್ಮೆಗೆ ಪ್ರತಿ ಕಡೆಯಿಂದ ಇಬ್ಬರು ಮಾತ್ರ. ಒಂದು ಸುತ್ತಿನಲ್ಲಿ ನಮ್ಮ ಕೈಗೆ ಸಿಗುವುದು ಎರಡೇ ಕ್ರಿಯೆಗಳು. ಸ್ಲೇಕಿಂಗ್‌ನ ಮೂಲ ಅಂಕಗಳ ಮೊತ್ತ 670 ಇದ್ದರೂ ಅದು ಸುತ್ತು ಬಿಟ್ಟು ಸುತ್ತು ಸುಮ್ಮನೆ ಕೂರುವ ಸ್ವಭಾವದ್ದಾದ್ದರಿಂದ, ಅದು ಆಕಳಿಸುವ ಪ್ರತಿ ಸುತ್ತಿನಲ್ಲಿ ನಮ್ಮ ಅರ್ಧ ತಂಡವೇ ಮಲಗಿದಂತೆ.

ಮೊದಲ ಹೆಜ್ಜೆಯಾಗಿ ಆ ಪೋಕೆಮಾನ್‌ನ ಕೆಲಸವನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ದಾಳಿಯನ್ನು ತನ್ನತ್ತ ಸೆಳೆಯುವುದು, ಸ್ಪೀಡ್ ಬದಲಿಸುವುದು, ‘ಫೇಕ್ ಔಟ್’ನಿಂದ ಎದುರಾಳಿಯ ಒಂದು ಕ್ರಿಯೆಯನ್ನು ತಡೆಯುವುದು, ಎದುರಿನ ಇಬ್ಬರಿಗೂ ಒಟ್ಟಿಗೆ ಹೊಡೆಯುವುದು, ಸೊರಗಿದವರನ್ನು ಮುಗಿಸುವುದು: ಇವು ಸಾಮಾನ್ಯವಾದ ಕೆಲಸಗಳು. ವಾಕ್ಯ ಬರೆಯಲು ತಡವರಿಸಿದಿರಾದರೆ, ಅಥವಾ ಬರೆದ ಕೆಲಸವನ್ನು ತಂಡದಲ್ಲಿರುವ ಇನ್ನೊಂದು ಇದಕ್ಕಿಂತ ಚೆನ್ನಾಗಿ ಮಾಡುತ್ತಿದ್ದರೆ, ಮುಂದಿನ ಲೆಕ್ಕಕ್ಕೆ ಹೋಗಬೇಕಾದ ಅಗತ್ಯವೇ ಇಲ್ಲ.

ಎರಡನೆಯದು ಸ್ಪೀಡ್, ಇಲ್ಲಿ ಅಂದಾಜು ಬೇಡ, ಅಂಕಿಯೇ ಬೇಕು. ಪಂದ್ಯದಲ್ಲಿ ಎಲ್ಲರೂ 50ನೇ ಲೆವೆಲ್‌ಗೆ ಬರುವುದರಿಂದ ಲೆಕ್ಕ ಸುಲಭ. ಐವಿ (ಪೋಕೆಮಾನ್‌ಗೆ ಹುಟ್ಟಿನಿಂದ ಬರುವ, 0ರಿಂದ 31ರವರೆಗಿನ ಅಂಕ) 31 ಇದ್ದರೆ, ಮೂಲ ಅಂಕಕ್ಕೆ 20 ಸೇರಿಸಿದಾಗ ಏನೂ ತರಬೇತಿ ಕೊಡದ ಸ್ಪೀಡ್ ಸಿಗುತ್ತದೆ. 52 ಸೇರಿಸಿದಾಗ ಪೂರ್ತಿ ತರಬೇತಿಯ ಸ್ಪೀಡ್ ಸಿಗುತ್ತದೆ. ನೇಚರ್ (ಒಂದು ಅಂಕವನ್ನು ಏರಿಸಿ ಇನ್ನೊಂದನ್ನು ಇಳಿಸುವ ಸ್ವಭಾವ) ಕೂಡ ಅನುಕೂಲವಾಗಿದ್ದರೆ ಅದರ ಮೇಲೆ ಶೇ. 10 ಹೆಚ್ಚಳ. ಈ ಲೆಕ್ಕದಲ್ಲಿ ಮೂಲ ಸ್ಪೀಡ್ 135 ಇರುವ ಫ್ಲಟರ್ ಮೇನ್ 205ಕ್ಕೆ, 102 ಇರುವ ಗಾರ್ಚಾಂಪ್ 169ಕ್ಕೆ ಮುಟ್ಟುತ್ತವೆ. 60 ಇರುವ ಇನ್ಸಿನರೋರ್ ತರಬೇತಿಯಿಲ್ಲದೆ 80ರಲ್ಲಿ ನಿಲ್ಲುತ್ತದೆ. ಈಗ ಇದನ್ನು ಕಣದ ಪರಿಸ್ಥಿತಿಗೆ ಹಿಡಿದು ನೋಡಿ. ಫ್ಲಟರ್ ಮೇನ್‌ಗೆ ಒಮ್ಮೆ ‘ಐಸಿ ವಿಂಡ್’ ತಗುಲಿದರೆ ಅದರ 205 ಮೂರನೇ ಎರಡು ಭಾಗಕ್ಕೆ, ಅಂದರೆ 136ಕ್ಕೆ ಇಳಿಯುತ್ತದೆ. ಗಾರ್ಚಾಂಪ್ ಆಗ ಯಾರ ಸಹಾಯವೂ ಇಲ್ಲದೆ ಮುಂದಾಗುತ್ತದೆ. ‘ಟೇಲ್‌ವಿಂಡ್’ ಬೀಸಿದರೆ ಸ್ಪೀಡ್ ಇಮ್ಮಡಿಯಾಗಿ ಇನ್ಸಿನರೋರ್ ಕೂಡ 160 ಆಗುತ್ತದೆ, ಆದರೆ ಅದು ಉಳಿಯುವುದು ಬಳಸಿದ ಸುತ್ತೂ ಸೇರಿ ನಾಲ್ಕೇ ಸುತ್ತು. ವಿಮ್ಸಿಕಾಟ್‌ನಂಥವು ‘ಪ್ರ್ಯಾಂಕ್‌ಸ್ಟರ್’ ಎಬಿಲಿಟಿಯಿಂದ ಅದನ್ನು ಎಲ್ಲರಿಗಿಂತ ಮೊದಲು ಬಳಸುವುದರಿಂದ, ಪಕ್ಕದವನಿಗೆ ಅದೇ ಸುತ್ತಿನಲ್ಲಿ ವೇಗ ದಕ್ಕುತ್ತದೆ. ಇಡೀ ಒಂದು ಸುತ್ತಿನ ಉಳಿತಾಯವೆಂದರೆ ಈ ಆಟದಲ್ಲಿ ಸಣ್ಣ ಮಾತಲ್ಲ.

ನಿಧಾನವನ್ನು ದೋಷವೆಂದು ಎಣಿಸಬಾರದು. ಐವಿ 0 ಮತ್ತು ಸ್ಪೀಡ್ ಇಳಿಸುವ ನೇಚರ್ ಇರುವ ಟಾರ್ಕೋಲ್‌ನ ಸ್ಪೀಡ್ 22. ನಿಧಾನದವರಿಗೆ ಮೊದಲ ಸರದಿ ಕೊಡುವ ‘ಟ್ರಿಕ್ ರೂಮ್’ನಲ್ಲಿ ಬಹುಮಟ್ಟಿಗೆ ಎಲ್ಲರಿಗಿಂತ ಮೊದಲು ಅದರದೇ ಸರದಿ, ಮತ್ತು ಜೀವ ಪೂರ್ತಿ ಇರುವಾಗ 150 ಶಕ್ತಿಯಿರುವ ಅದರ ‘ಇರಪ್ಷನ್’ ಎದುರಿನ ಇಬ್ಬರ ಮೇಲೂ ಬೀಳುತ್ತದೆ. ಇನ್ಸಿನರೋರ್‌ನ ನಿಧಾನಕ್ಕೂ ಬೆಲೆಯಿದೆ: ಎದುರಾಳಿಗಳು ಹೊಡೆದು ಮುಗಿಸಿದ ಮೇಲೆ ಅದು ‘ಪಾರ್ಟಿಂಗ್ ಶಾಟ್’ ಬಳಸಿ ಹಿಂದೆ ಸರಿದರೆ, ಅದರ ಜಾಗಕ್ಕೆ ಬರುವವನು ಒಂದು ಪೆಟ್ಟನ್ನೂ ತಿನ್ನದೆ ಕಣಕ್ಕಿಳಿಯುತ್ತಾನೆ.

ಮೂರನೆಯದು ತಾಳಿಕೆ. ‘ಗಟ್ಟಿಯಾಗಿದೆ’ ಎಂಬ ಮಾತಿಗೆ ಅರ್ಥವಿಲ್ಲ. ಯಾರ ಯಾವ ಪೆಟ್ಟನ್ನು ಎಷ್ಟು ಸಲ ತಡೆಯುತ್ತದೆ ಎಂಬುದಕ್ಕೆ ಮಾತ್ರ ಅರ್ಥವಿದೆ. ಒಂದು ಲೆಕ್ಕವನ್ನು ಬಿಡಿಸಿ ತೋರಿಸುತ್ತೇನೆ. ದಾಳಿಯಲ್ಲಿ ಪೂರ್ತಿ ತರಬೇತಿಯಿದ್ದು ನೇಚರ್ ಅನ್ನು ಸ್ಪೀಡ್‌ಗೆ ಕೊಟ್ಟ ಗಾರ್ಚಾಂಪ್‌ನ ದಾಳಿಯ ಅಂಕ 182. ಎದುರಿನ ಇನ್ಸಿನರೋರ್‌ಗೆ ಜೀವದಲ್ಲಿ ಪೂರ್ತಿ ತರಬೇತಿ ಕೊಟ್ಟಿದ್ದರೆ ಅದರ ಜೀವ 202, ರಕ್ಷಣೆ 110. ಗಾರ್ಚಾಂಪ್‌ನ ‘ಅರ್ಥ್‌ಕ್ವೇಕ್’ ಒಂದಕ್ಕಿಂತ ಹೆಚ್ಚು ಗುರಿಗಳ ಮೇಲೆ ಬೀಳುವಾಗ ಅದರ ಪೆಟ್ಟು ಮುಕ್ಕಾಲಿಗೆ ಇಳಿಯುತ್ತದೆ. ಇಳಿದ ಮೇಲೂ 138ರಿಂದ 164ರವರೆಗೆ ಜೀವ ಹೋಗುತ್ತದೆ. ಎರಡನೇ ಪೆಟ್ಟಿಗೆ ಇನ್ಸಿನರೋರ್ ಉಳಿಯುವುದಿಲ್ಲ. ಆದರೆ ಇನ್ಸಿನರೋರ್ ಕಣಕ್ಕಿಳಿಯುತ್ತಲೇ, ಎದುರಾಳಿಗಳ ದಾಳಿಯ ಅಂಕವನ್ನು ಇಳಿಸುವ ‘ಇಂಟಿಮಿಡೇಟ್’ ಎಬಿಲಿಟಿಯಿಂದ ಗಾರ್ಚಾಂಪ್‌ನ 182 ಅಂಕ 121ಕ್ಕೆ ಕುಸಿದಿದ್ದರೆ, ಅದೇ ದಾಳಿಯಿಂದ ಹೋಗುವುದು 92ರಿಂದ 110 ಮಾತ್ರ. ಆಗ ಎರಡು ಪೆಟ್ಟು ತಿಂದೂ ಉಳಿಯುವ ಸಾಧ್ಯತೆ ಹುಟ್ಟುತ್ತದೆ. ಇದಕ್ಕಿಂತ ಮುಖ್ಯವಾದದ್ದು, ಅಂಕ ಇಳಿದದ್ದು ಗಾರ್ಚಾಂಪ್‌ಗೆ ಆದ್ದರಿಂದ ಅದರ ಲಾಭ ಪಕ್ಕದಲ್ಲಿ ನಿಂತವನಿಗೂ ಸಲ್ಲುತ್ತದೆ. ಡ್ಯಾಮೇಜ್ ಕ್ಯಾಲ್ಕುಲೇಟರ್‌ನಲ್ಲಿ ಇಂಥ ಹತ್ತು ಲೆಕ್ಕಗಳನ್ನು ನೀವೇ ಮಾಡಿ ನೋಡಿದರೆ, ಇನ್ಸಿನರೋರ್ ಇಷ್ಟೊಂದು ತಂಡಗಳಲ್ಲಿ ಯಾಕೆ ಕಾಣಿಸಿಕೊಳ್ಳುತ್ತದೆ ಎಂದು ಯಾರನ್ನೂ ಕೇಳಬೇಕಾಗುವುದಿಲ್ಲ. ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ಗುರುತು ಹಾಕಿಕೊಳ್ಳಿ, ಏಕೆಂದರೆ ಪ್ರತಿ ಪೆಟ್ಟೂ ಶೇ. 85ರಿಂದ 100ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು.

ಅರ್ಥ್‌ಕ್ವೇಕ್ ನಮ್ಮವನಿಗೂ ಬಡಿಯುತ್ತದೆ ಎಂಬುದನ್ನು ನಾನು ಓದಿ ತಿಳಿದವನಲ್ಲ, ಸೋತು ತಿಳಿದವನು. ನನ್ನ ಮೊದಲ ತಂಡದಲ್ಲಿ ಗಾರ್ಚಾಂಪ್ ಮತ್ತು ಇನ್ಸಿನರೋರ್ ಜೊತೆಯಾಗಿದ್ದವು. ಎರಡೂ ಒಳ್ಳೆಯವೇ, ಆದರೆ ಪ್ರತಿ ಸಲ ಭೂಮಿ ನಡುಗಿದಾಗ ನನ್ನ ಇನ್ಸಿನರೋರ್ ಆ ಸುತ್ತಿನ ಪೆಟ್ಟನ್ನು ತಡೆಯುವ ‘ಪ್ರೊಟೆಕ್ಟ್’ ಹಾಕಿಕೊಂಡು ಕೂರಬೇಕಾಗುತ್ತಿತ್ತು. ಪಕ್ಕದಲ್ಲಿ ಹಾರುವ ಜಾತಿಯದೊಂದು ನಿಂತಿದ್ದರೆ ಆ ಕ್ರಿಯೆ ಉಳಿಯುತ್ತಿತ್ತು.

ಜೊತೆಗಾರನ ಪರೀಕ್ಷೆ ನಾಲ್ಕನೆಯದು, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಠಿಣವಾದುದು. ಒಂದು ಟೇಲ್‌ವಿಂಡ್ ಬೇಡುತ್ತದೆ, ಇನ್ನೊಂದು ಟ್ರಿಕ್ ರೂಮ್ ಬೇಡುತ್ತದೆ ಎಂದಾದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಒಂದರ ಕೊರತೆಯನ್ನು ಇನ್ನೊಂದು ಪೂರ್ತಿ ಮುಚ್ಚುವ ಜೋಡಿಗಳೂ ಇವೆ. ರೆಜಿಗಿಗಾಸ್‌ನ ಮೊತ್ತವೂ 670, ಆದರೆ ಕಣಕ್ಕಿಳಿದ ಮೊದಲ ಐದು ಸುತ್ತು ಅದರ ದಾಳಿ ಮತ್ತು ಸ್ಪೀಡ್ ಅರ್ಧಕ್ಕೆ ಇಳಿದಿರುತ್ತವೆ. ವೀಜಿಂಗ್‌ನ ‘ನ್ಯೂಟ್ರಲೈಸಿಂಗ್ ಗ್ಯಾಸ್’ ಕಣದಲ್ಲಿರುವ ಎಬಿಲಿಟಿಗಳನ್ನು ಅಡಗಿಸುವುದರಿಂದ ರೆಜಿಗಿಗಾಸ್‌ನ ಆ ಬೇಡಿ ಕಳಚುತ್ತದೆ. ಕೇಳಲು ಸೊಗಸಾಗಿದೆ, ಆದರೆ ವೀಜಿಂಗ್ ಬಿದ್ದ ಕ್ಷಣ ಬೇಡಿ ಮರಳುತ್ತದೆಂದು ಎದುರಾಳಿಗೂ ಗೊತ್ತಿರುವುದರಿಂದ ಮೊದಲ ಪೆಟ್ಟು ವೀಜಿಂಗ್‌ಗೇ ಬೀಳುತ್ತದೆ. ಆದ್ದರಿಂದ ಜೋಡಿಯನ್ನು ಅಳೆಯುವಾಗ, ಇಬ್ಬರಲ್ಲಿ ಒಬ್ಬ ಬಿದ್ದ ಮೇಲೆ ಉಳಿದವನು ಏನು ಮಾಡಬಲ್ಲ ಎಂದು ಕೇಳಿಕೊಳ್ಳಿ. ಉತ್ತರ ‘ಏನೂ ಇಲ್ಲ’ ಎಂದಾದರೆ ಆ ಜೋಡಿಗೆ ಎರಡು ಜಾಗ ಕೊಡುವುದು ದುಬಾರಿ.

ಇಷ್ಟಾದ ಮೇಲೆ ಕಾಲಮಾನವನ್ನು ನೋಡಬೇಕು. ಯಾವ ಪೋಕೆಮಾನ್‌ಗೆ ಪ್ರವೇಶವಿದೆ ಎಂಬ ನಿಯಮಾವಳಿ ಕೆಲವು ತಿಂಗಳಿಗೊಮ್ಮೆ ಬದಲಾಗುವುದರಿಂದ, ಹಿಂದಿನ ಋತುವಿನ ಯೋಗ್ಯತೆ ಈ ಋತುವಿಗೆ ತಾನಾಗಿ ಬರುವುದಿಲ್ಲ. ಅಮೂಂಗಸ್‌ನ ‘ಸ್ಪೋರ್’ ಗುರಿ ತಪ್ಪದೆ ನಿದ್ದೆ ತರಿಸುತ್ತದೆ, ನಿಜ. ಆದರೆ ಹುಲ್ಲಿನ ಜಾತಿಯವಕ್ಕೂ ‘ಸೇಫ್ಟಿ ಗಾಗಲ್ಸ್’ ಹಿಡಿದವಕ್ಕೂ ಅದು ತಾಗುವುದಿಲ್ಲ, ಅದರ ‘ರೇಜ್ ಪೌಡರ್’ ಅಂಥವರ ದಾಳಿಯನ್ನು ಸೆಳೆಯುವುದೂ ಇಲ್ಲ. ಫೇಕ್ ಔಟ್ ಫ್ಲಟರ್ ಮೇನ್‌ನಂಥ ಘೋಸ್ಟ್ ಜಾತಿಗೆ ತಾಗದು. ಉರ್ಶಿಫುವಿನ ‘ಸರ್ಜಿಂಗ್ ಸ್ಟ್ರೈಕ್ಸ್’ನ ಮೂರೂ ಪೆಟ್ಟುಗಳು ಸದಾ ಕ್ರಿಟಿಕಲ್ (ದಾಳಿಯ ಅಂಕ ಇಳಿದದ್ದನ್ನು ಲೆಕ್ಕಿಸದ ಪೆಟ್ಟು) ಆದ್ದರಿಂದ ಇಂಟಿಮಿಡೇಟ್ ಅದರೆದುರು ವ್ಯರ್ಥ. ನೀವು ಆರಿಸಿದ ಕೆಲಸಕ್ಕೆ ಇಂಥ ತಡೆಗಳು ಈಗಿನ ಪ್ರಮುಖ ಪಂದ್ಯಗಳ ಮೇಲ್ಪಂಕ್ತಿಯ ತಂಡಗಳಲ್ಲಿ ಎಷ್ಟಿವೆ ಎಂದು ಒಂದೊಂದಾಗಿ ಎಣಿಸಿ. ಅರ್ಧದಷ್ಟು ತಂಡಗಳಲ್ಲಿ ತಡೆ ಸಿಕ್ಕಿದರೆ ಆ ಪೋಕೆಮಾನ್ ಕೆಟ್ಟದ್ದೆಂದಲ್ಲ, ಅದರ ಹಂಗಾಮು ಇದಲ್ಲ ಎಂದಷ್ಟೇ ತಿಳಿಯಬೇಕು. ಒಂದೇ ತಂಡದಲ್ಲಿ ಇಬ್ಬರು ಒಂದೇ ಐಟಂ ಹಿಡಿಯುವಂತಿಲ್ಲ ಎಂಬ ನಿಯಮವನ್ನೂ ಮರೆಯಬೇಡಿ. ಯಾವುದೋ ಒಂದು ಐಟಂ ಇದ್ದರೆ ಮಾತ್ರ ನಿಲ್ಲಬಲ್ಲ ಪೋಕೆಮಾನ್, ಆ ಐಟಂ ಅನ್ನು ಇನ್ನೊಬ್ಬನಿಂದ ಕಸಿದುಕೊಂಡೇ ಬರುತ್ತದೆ.

ಕೊನೆಗೆ ಆಡಿ ನೋಡುವುದು. ಇಪ್ಪತ್ತು ಪಂದ್ಯಗಳಾದರೂ ಆಡಿ, ಗೆಲುವು ಸೋಲಿನ ಜೊತೆಗೆ ಪ್ರತಿ ಪಂದ್ಯದಲ್ಲಿ ಯಾವ ನಾಲ್ಕನ್ನು ಆರಿಸಿದಿರಿ ಎಂಬುದನ್ನೂ ಬರೆದಿಡಿ. ಆರರಲ್ಲಿ ನಾಲ್ಕನ್ನು ಆರಿಸಲು 15 ಬಗೆಗಳಿವೆ; ನಿಮ್ಮ ಪಟ್ಟಿಯಲ್ಲಿ ಅದೇ ಎರಡು ಮೂರು ಬಗೆಗಳು ಮರುಕಳಿಸುತ್ತಿದ್ದು, ಇಷ್ಟಪಟ್ಟು ಸೇರಿಸಿದ ಪೋಕೆಮಾನ್ ಇಪ್ಪತ್ತರಲ್ಲಿ ಎರಡೇ ಸಲ ಕಣಕ್ಕಿಳಿದಿದ್ದರೆ, ಅದರ ಕುರಿತು ಮೊದಲು ಬರೆದುಕೊಂಡ ಆ ಒಂದು ವಾಕ್ಯವನ್ನು ತೆಗೆದು ಮತ್ತೊಮ್ಮೆ ಓದಿ. ಆ ಎರಡು ಪಂದ್ಯಗಳಲ್ಲಿ ಎದುರಿಗಿದ್ದದ್ದು ಬೇರೆ ಯಾರಿಂದಲೂ ಮಣಿಯದ ತಂಡವಾಗಿದ್ದರೆ ಅದು ಉಳಿಯಲಿ. ಇಲ್ಲವಾದರೆ ಆ ಜಾಗ ಖಾಲಿಯಿದೆ ಎಂದುಕೊಂಡು ಹೊಸ ಹುಡುಕಾಟ ಶುರುಮಾಡಿ.