ಕೆಲಸ ಹೋದ ಮೇಲೆ ನನ್ನ ಬೆಲೆ ಎಷ್ಟು?

ಕೆಲಸ ಹೋದಾಗ ಹಣದ ಚಿಂತೆ ಇದ್ದೇ ಇತ್ತು. ಅದಕ್ಕಿಂತ ಜಾಸ್ತಿ ಕಾಡಿದ್ದು ಇನ್ನೊಂದು. 'ಈಗ ಏನು ಮಾಡ್ತಿದ್ದೀರಿ?' ಅಂತ ಯಾರಾದರೂ ಕೇಳಿದರೆ ಬಾಯಿ ಕಟ್ಟಿಹೋಗುತ್ತಿತ್ತು. ಹೇಳಿಕೊಳ್ಳಲು ಹುದ್ದೆ ಇಲ್ಲದಿದ್ದರೆ ನಾನು ಯಾರೂ ಅಲ್ಲ ಅನ್ನಿಸುತ್ತಿತ್ತು. ಹಾಗಾಗಿ ಜನರನ್ನು ನೋಡುವುದೇ ಬಿಟ್ಟೆ.

'ಧೈರ್ಯವಾಗಿರು, ಎಲ್ಲ ಸರಿಹೋಗುತ್ತೆ' ಎಂದವರ ಪ್ರೀತಿ ದೊಡ್ಡದು. ಆದರೆ ಧೈರ್ಯ ತರುವುದು ಎಲ್ಲಿಂದ? ಅದನ್ನು ತೋರಿಸಿಕೊಟ್ಟವರು ಒಬ್ಬ ಆಪ್ತಸಲಹೆಗಾರರು. ಅವರು ಉಪದೇಶ ಮಾಡಲಿಲ್ಲ, ಒಂದು ಹಾಳೆ ಕೊಟ್ಟರು. ಗಂಟೆಗೊಮ್ಮೆ ಏನು ಮಾಡಿದೆ ಅಂತ ಬರೆಯಬೇಕು. ಪಕ್ಕದಲ್ಲಿ ಆಗ ಮನಸ್ಸು ಹೇಗಿತ್ತು ಎಂದು 0ಯಿಂದ 10ರ ಒಳಗೆ ಅಂಕ ಹಾಕಬೇಕು. ಅಷ್ಟೇ.

ಇದರ ಹಿಂದಿನ ವಿಚಾರವನ್ನು 1970ರ ದಶಕದಲ್ಲಿ ಬೆಳೆಸಿದವರಲ್ಲಿ ಅಮೆರಿಕದ ಮನೋವಿಜ್ಞಾನಿ ಪೀಟರ್ ಲೆವಿನ್‌ಸನ್ ಮುಖ್ಯರು. ಮನಸ್ಸು ಕುಗ್ಗಿದಾಗ ನಾವು ಒಂದೊಂದೇ ಕೆಲಸ ಬಿಡುತ್ತೇವೆ. ಬಿಟ್ಟಷ್ಟೂ ಖುಷಿ ಕೊಡುವ ಗಳಿಗೆಗಳು ಕಡಿಮೆಯಾಗುತ್ತವೆ. ಆಗ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಮನಸ್ಸು ಬಂದ ಮೇಲೆ ಮಾಡೋಣ ಅಂತ ಕಾದರೆ ಅದು ಬರುವುದೇ ಇಲ್ಲ. ಮೊದಲು ಮಾಡಬೇಕು, ಮನಸ್ಸು ನಿಧಾನಕ್ಕೆ ಹಿಂದೆ ಬರುತ್ತದೆ.

ನನ್ನ ಹಾಳೆ ನೋಡಿ ನನಗೇ ಆಶ್ಚರ್ಯವಾಯಿತು. ಮಧ್ಯಾಹ್ನ ಮಲಗಿ ಮೊಬೈಲ್ ನೋಡಿದ್ದನ್ನು ನಾನು ವಿಶ್ರಾಂತಿ ಅಂದುಕೊಂಡಿದ್ದೆ. ಅದಕ್ಕೆ ಸಿಕ್ಕಿದ್ದು ಬರೀ 2. ಪಕ್ಕದ ಮನೆಯ ಹುಡುಗಿಗೆ ಭಿನ್ನರಾಶಿ ಲೆಕ್ಕ ಹೇಳಿಕೊಟ್ಟ ಗಂಟೆಗೆ 6. ಅಲ್ಲಿ ಸಂಬಳ ಇರಲಿಲ್ಲ, ಹುದ್ದೆ ಇರಲಿಲ್ಲ. ಅರ್ಧಕ್ಕಿಂತ ಮೂರನೇ ಒಂದು ಭಾಗ ಯಾಕೆ ಚಿಕ್ಕದು ಅಂತ ಅವಳಿಗೆ ಹೊಳೆದಾಗ ಮುಖ ಅರಳಿತು. ಅವಳಿಗೆ ಅದು ಅರ್ಥವಾಗಿದ್ದು ನಾನು ಕೂತು ಹೇಳಿಕೊಟ್ಟಿದ್ದಕ್ಕೆ. ಕಂಪನಿ ನನ್ನಿಂದ ಕಿತ್ತುಕೊಳ್ಳಲಾಗದ ಒಂದು ಬೆಲೆ ನನಗಿದೆ ಅಂತ ಯಾರೂ ಹೇಳದೆಯೇ ಗೊತ್ತಾಯಿತು. ಮರುದಿನದಿಂದ ಆ ಗಂಟೆಯನ್ನು ಗಟ್ಟಿ ಮಾಡಿಕೊಂಡೆ. ಮಧ್ಯಾಹ್ನ ಮಲಗುವ ಬದಲು ನಡೆಯಲು ಹೊರಟೆ. ಮನಸ್ಸಿಲ್ಲದ ದಿನವೂ ಹೊರಟೆ. ಬೆಳಗ್ಗೆ ಒಂದೇ ಹೊತ್ತಿಗೆ ಏಳುವುದನ್ನೂ ರೂಢಿ ಮಾಡಿಕೊಂಡೆ.

ಭರವಸೆಯ ವಿಷಯದಲ್ಲಿ ನನಗೆ ನಿಜಕ್ಕೂ ಸಹಾಯ ಮಾಡಿದ್ದು ಮನೋವಿಜ್ಞಾನಿ ಚಾರ್ಲ್ಸ್ ಸ್ನೈಡರ್ 1991ರ ಹೊತ್ತಿಗೆ ಮುಂದಿಟ್ಟ ಮಾತು. ಭರವಸೆ ಅಂದರೆ ಬರೀ ಒಳ್ಳೆಯದಾಗುತ್ತೆ ಅನ್ನುವ ಭಾವನೆಯಲ್ಲ. ಒಂದು ಗುರಿ ಬೇಕು, ಅಲ್ಲಿಗೆ ಹೋಗುವ ದಾರಿಗಳು ಕಾಣಬೇಕು, ನಡೆಯಬಲ್ಲೆ ಅನ್ನುವ ನಂಬಿಕೆ ಬೇಕು. ನನಗೆ ಕಾಣುತ್ತಿದ್ದದ್ದು ಒಂದೇ ದಾರಿ: ಅದೇ ಹುದ್ದೆ, ಅಂಥದೇ ಕಂಪನಿ. ಅದು ಮುಚ್ಚಿದಾಗ ಎಲ್ಲವೂ ಮುಚ್ಚಿತು ಅನ್ನಿಸಿದ್ದು ಸಹಜ, ಅಲ್ವಾ? ಆಮೇಲೆ ಯಾವ ಗುರಿ ಬರೆದರೂ ಅದರ ಕೆಳಗೆ ಇನ್ನೂ ಎರಡು ದಾರಿ ಬರೆಯತೊಡಗಿದೆ. ಅರ್ಜಿಗೆ ಉತ್ತರ ಬರದಿದ್ದರೆ ಹಳೆಯ ಸಹೋದ್ಯೋಗಿಯ ಹತ್ತಿರ ಸಣ್ಣ ಗುತ್ತಿಗೆ ಕೆಲಸ ಕೇಳುವುದು. ಅದೂ ಆಗದಿದ್ದರೆ ಪಾಠ ಹೇಳುವುದು. ತಿರಸ್ಕಾರದ ಪತ್ರ ಬಂದ ದಿನ ನೋವಾಗುತ್ತಿತ್ತು. ಆದರೆ ನಾಳೆ ಮಾಡಲು ಏನೋ ಒಂದು ಇರುತ್ತಿತ್ತು.

ನನ್ನನ್ನೇ ಬೈದುಕೊಳ್ಳುವ ಅಭ್ಯಾಸ ಮಾತ್ರ ಸುಲಭಕ್ಕೆ ಬಿಡಲಿಲ್ಲ. ಇದೇ ಕಷ್ಟ ಗೆಳತಿಗೆ ಬಂದಿದ್ದರೆ ಏನು ಹೇಳುತ್ತಿದ್ದೆ ಅಂತ ಯೋಚಿಸಿ, ಅದನ್ನೇ ನನಗೆ ಬರೆದುಕೊಳ್ಳುತ್ತಿದ್ದೆ. ಮೊದಮೊದಲು ಕೈ ಓಡುತ್ತಿರಲಿಲ್ಲ.

ಒಂದು ಮಾತನ್ನು ಒತ್ತಿ ಹೇಳಬೇಕು. ಎರಡು ವಾರಕ್ಕಿಂತ ಜಾಸ್ತಿ ದಿನ ನಿದ್ದೆ, ಹಸಿವು ಕೆಟ್ಟು, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ವೈದ್ಯರನ್ನು ನೋಡಿ. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ, ಆಗಲೇ ಯಾರಿಗಾದರೂ ಹೇಳಿ. ಹಾಳೆ, ಪೆನ್ನು ಚಿಕಿತ್ಸೆಗೆ ಬದಲಿಯಲ್ಲ.

ನನಗೆ ಕೆಲಸ ಸಿಕ್ಕಿದ್ದು ಎರಡನೇ ದಾರಿಯಿಂದ. ಗುತ್ತಿಗೆಯಾಗಿ ಶುರುವಾಗಿದ್ದು ಆಮೇಲೆ ಕಾಯಂ ಆಯಿತು. ಹುದ್ದೆ ಮೊದಲಿಗಿಂತ ಚಿಕ್ಕದು. ಸಂಜೆಯ ಲೆಕ್ಕದ ಪಾಠವನ್ನು ಮಾತ್ರ ನಿಲ್ಲಿಸಿಲ್ಲ.