ಸಂಕದ ಆಚೆಯವರು ಗ್ರಾಮಸಭೆಗೆ ಬಂದರು

2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ ಎರಡನೇ ತರಗತಿಯ ಹುಡುಗಿಯೊಬ್ಬಳು ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ, ಅಂದರೆ ಹಳ್ಳ ದಾಟಲು ಹಾಕಿದ ಸಣ್ಣ ಸೇತುವೆಯಿಂದ, ಜಾರಿ ನೀರುಪಾಲಾದಳು. ಆಗ ನಾನು ಉಡುಪಿಯಲ್ಲಿ ಬಿ.ಕಾಂ. ಓದುತ್ತಿದ್ದೆ. ನನ್ನ ಊರು ಬ್ರಹ್ಮಾವರದ ಕಡೆ. ಅಲ್ಲೂ ಅಂಥ ಸಂಕಗಳಿದ್ದವು. ಎರಡು ಅಡಿಕೆ ಮರ, ಹಿಡಿದುಕೊಳ್ಳಲು ಒಂದು ಬಿದಿರು, ಅಷ್ಟೇ. ಮಳೆಗಾಲದಲ್ಲಿ ಪಾಚಿ ಹಿಡಿದರೆ ದೊಡ್ಡವರಿಗೇ ಕಾಲು ನಿಲ್ಲುವುದಿಲ್ಲ.

ಎನ್‌ಎಸ್‌ಎಸ್‌ನ ಹನ್ನೆರಡು ಮಂದಿ ಕೂತು ಮಾತಾಡಿದೆವು. ನಾವೇ ಒಂದು ಮನವಿ ಕೊಟ್ಟು, ಫೋಟೊ ತೆಗೆಸಿಕೊಂಡು ಬರುವುದು ಸುಲಭ. ಅದು ಬೇಡ ಅನ್ನಿಸಿತು. ದಿನಾ ಸಂಕ ದಾಟುವವರೇ ಸಭೆಗೆ ಬಂದು ಗಟ್ಟಿ ಸೇತುವೆ ಕೇಳಬೇಕು. ಗ್ರಾಮಸಭೆ ಅಂದರೆ ಆ ಗ್ರಾಮದ ಮತದಾರರ ಸಭೆ ಅಲ್ವಾ? ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಹೆಸರು ಅಲ್ಲಿನ ಪಟ್ಟಿಯಲ್ಲೇ ಇರಲಿಲ್ಲ.

ಮೊದಲು ಪೋಸ್ಟರ್ ಮಾಡಿದೆವು. 'ಸಾರ್ವಜನಿಕ ಸಹಭಾಗಿತ್ವ ಎಲ್ಲರ ಹೊಣೆ' ಎಂದು ದೊಡ್ಡ ಅಕ್ಷರದಲ್ಲಿ ಬರೆದು ಬಸ್ ಸ್ಟ್ಯಾಂಡಿನಲ್ಲಿ ಅಂಟಿಸಿದೆವು. ಊರಿನ ಎಲ್ಲಾ ವಾಟ್ಸಾಪ್ ಗ್ರೂಪಿಗೂ ಹಾಕಿದೆವು. ಗ್ರಾಮಸಭೆಗೆ ಮೊದಲು ವಾರ್ಡಿನ ಮತದಾರರು ಸೇರುವ ವಾರ್ಡ್ ಸಭೆಗೆ ಬಂದವರು ಯಾವಾಗಲೂ ಬರುವ ಹತ್ತು ಹನ್ನೆರಡು ಜನ. ಸಂಕದ ಆಚೆಯವರು ಒಬ್ಬರೂ ಇಲ್ಲ. ಕಾಯ್ದೆ ಪ್ರಕಾರ ವಾರ್ಡ್ ಸಭೆಗೆ ಮತದಾರರ ಹತ್ತನೇ ಒಂದು ಪಾಲು ಅಥವಾ 20 ಜನ, ಯಾವುದು ಕಡಿಮೆಯೋ ಅಷ್ಟು ಜನ ಬೇಕು. ಗ್ರಾಮಸಭೆಗಾದರೆ ಹತ್ತನೇ ಒಂದು ಪಾಲು ಅಥವಾ 100. ಕೋರಂ ಇಲ್ಲ ಎಂದು ಸಭೆ ಮುಂದಕ್ಕೆ ಹೋಯಿತು.

ಯಾಕೆ ಬರಲಿಲ್ಲ ಎಂದು ಕೇಳಲು ಬೆಳಿಗ್ಗೆ ಹಾಲಿನ ಡೈರಿ ಹತ್ತಿರ ನಿಂತೆವು. ಆಮೇಲೆ, ಮನೆಯಲ್ಲಿ ಕಟ್ಟಿದ ಬೀಡಿ ತಂದು ಕೊಡುವ ಬೀಡಿ ಬ್ರಾಂಚಿಗೆ ಹೋದೆವು. ಅಲ್ಲಿ ಒಬ್ಬರು ಅಕ್ಕ ನೇರವಾಗಿ ಹೇಳಿದರು: "ಸಭೆ ಹನ್ನೊಂದು ಗಂಟೆಗೆ. ನಾವು ಬೀಡಿ ಕೊಡುದೂ ಅದೇ ಹೊತ್ತಿಗೆ. ಮತ್ತೆ ನಾವ್ ಬಂದ್ ಎಂತ ಮಾಡುದು ಮಗಾ? ಅಲ್ಲಿ ಮಾತಾಡುವವ್ರೇ ಬೇರೆ."

ಈ ಎರಡು ಮಾತು ನಮ್ಮ ಕೆಲಸವನ್ನೇ ಬದಲಿಸಿತು. ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಮೇಡಂ ಹತ್ತಿರ ಹೋಗಿ ಸಭೆಯನ್ನು ಮಧ್ಯಾಹ್ನ ಮೂರಕ್ಕೆ ಇಡಲು ಕೇಳಿದೆವು. ಅವರು ಒಪ್ಪಿದರು. ಆದರೆ ಎರಡನೆಯದು, 'ಮಾತಾಡುವವರೇ ಬೇರೆ' ಅನ್ನುವುದು, ಸಮಯ ಬದಲಿಸಿದರೆ ಹೋಗುವಂಥದ್ದಲ್ಲ.

ಅದಕ್ಕೆ ಒಬ್ಬೊಬ್ಬರು ಐದೈದು ಮನೆ ಹಂಚಿಕೊಂಡೆವು. ಕರಪತ್ರ ಇಲ್ಲ, ಭಾಷಣ ಇಲ್ಲ. ಕೈಯಲ್ಲಿ ಒಂದು ಅಳತೆ ಟೇಪು, ಒಂದು ಪುಸ್ತಕ. 'ನಿಮ್ಮ ಸಂಕ ತೋರಿಸಿ' ಎಂದು ಕೇಳುತ್ತಿದ್ದೆವು. ಹಾಗೆ ಕೇಳಿದರೆ ಬೇಡ ಅಂದವರಿಲ್ಲ. ಬೀಡಿ ಬ್ರಾಂಚಿನ ಅಕ್ಕನ ಮನೆ ನನ್ನ ಪಾಲಿಗೆ ಬಂದಿತ್ತು. ಟೇಪಿನ ಒಂದು ತುದಿ ನಾನು ಹಿಡಿದೆ. ಅವರು ಚಪ್ಪಲಿ ಬಿಚ್ಚಿಟ್ಟು, ಬೆರಳು ಊರಿ ಊರಿ ನಡೆಯುತ್ತಾ ಇನ್ನೊಂದು ತುದಿಯನ್ನು ಆಚೆ ದಡಕ್ಕೆ ಒಯ್ದರು. ನಡುವೆ ಒಂದು ಕಡೆ ನಿಂತು, "ಹೋದ ಮಳೆಗಾಲ ನನ್ನ ಮಗಳು ಬಿದ್ದದ್ದು ಇಲ್ಲೇ" ಎಂದರು. ಪುಣ್ಯಕ್ಕೆ ಅವತ್ತು ನೀರು ಕಡಿಮೆ ಇತ್ತಂತೆ. ಅಳತೆ 22 ಅಡಿ ಬಂತು. ನಾನು ಪುಸ್ತಕದಲ್ಲಿ ಬರೆದುಕೊಂಡೆ. ಅವರು ಮನೆಗೆ ಹೋಗಿ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದರು.

ಸಭೆಗೆ ಎರಡು ದಿನ ಇರುವಾಗ ಅದೇ ಮನೆಗಳಿಗೆ ಮತ್ತೊಮ್ಮೆ ಹೋದೆವು. ಇದನ್ನು ಬಿಡಲೇಬಾರದು. ಮೊದಲ ಸಲ ಹೋದಾಗ ತಲೆ ಆಡಿಸುತ್ತಾರೆ. ಎರಡನೇ ಸಲ, 'ನೀವು ಏನು ಹೇಳುತ್ತೀರಿ?' ಎಂದು ಕೇಳಿ, ಅಂಗಳದಲ್ಲೇ ಒಮ್ಮೆ ಹೇಳಿಸಿದರೆ ಹೆದರಿಕೆ ಹೋಗುತ್ತದೆ. ಮೈಕ್ ಕಟ್ಟಿದ ರಿಕ್ಷಾ ಕೂಡ ಓಡಿಸಿದೆವು. ಅದರಿಂದ ದಿನಾಂಕ ಗೊತ್ತಾಯಿತು, ಜನ ಬಂದದ್ದು ಅದರಿಂದಲ್ಲ.

ಗ್ರಾಮಸಭೆಯಲ್ಲಿ ನಾವು ಹಿಂದಿನ ಬೆಂಚಿನಲ್ಲಿ ಕೂತೆವು, ಬಾಯಿ ಬಿಡಬಾರದು ಎಂದು ಮೊದಲೇ ಮಾತಾಡಿಕೊಂಡಿದ್ದೆವು. ಕುರ್ಚಿ ಸಾಲದೆ ಜನ ಬಾಗಿಲಲ್ಲಿ ನಿಂತಿದ್ದರು. ರಸ್ತೆ, ಬೀದಿದೀಪದ ಮಾತು ಮುಗಿದ ಮೇಲೂ ಸುಮಾರು ಹೊತ್ತು ಸಂಕದ ಸುದ್ದಿ ಬರಲಿಲ್ಲ. ನನ್ನ ಕೈ ಬೆವೆತಿತ್ತು. ಆಗ ಅಕ್ಕ ಎದ್ದು ನಿಂತರು. "ನಮ್ ಸಂಕ ಇಪ್ಪತ್ತೆರಡ್ ಅಡಿ. ನಾನೇ ಅಳ್ದದ್ದು. ಬರ್ಕಣಿ ಮೇಡಂ."

ಅವರು ಕೂರುವಷ್ಟರಲ್ಲಿ ಮತ್ತೊಬ್ಬರು ಎದ್ದರು.

ಸಭೆಯಲ್ಲಿ ಹೇಳಿದ್ದು ನಡಾವಳಿಯಲ್ಲಿ ಇಲ್ಲದಿದ್ದರೆ ಹೇಳಿದ್ದಕ್ಕೆ ಲೆಕ್ಕವಿಲ್ಲ. ಹಾಗಾಗಿ ಮುಂದಿನ ವಾರ ನಡಾವಳಿ ಪುಸ್ತಕ ನೋಡಲು ಪಂಚಾಯತಿಗೆ ಹೋದೆವು. ಬೀಡಿ ಚೀಲ ಪಕ್ಕದಲ್ಲಿಟ್ಟುಕೊಂಡು ಅಕ್ಕ ಆಗಲೇ ಅಲ್ಲಿ ಕೂತಿದ್ದರು.