ಓವರ್‌ಡ್ರೈವ್ ಪೆಡಲ್‌ಗೆ ಡಯೋಡ್ ಆರಿಸಿದ ಬಗೆ: ನನ್ನ ಅನುಭವ

ಓವರ್‌ಡ್ರೈವ್ ಪೆಡಲ್ ಎಂದರೆ ಗಿಟಾರಿನ ಧ್ವನಿಯನ್ನು ಒಡೆದಂತೆ ಗಡುಸಾಗಿಸುವ, ಕಾಲಿನಿಂದ ಒತ್ತುವ ಪೆಟ್ಟಿಗೆ; ಒಳಗಿನ ಡಯೋಡ್‌ಗಳು ಸಂಕೇತದ ತುದಿಗಳನ್ನು ಕತ್ತರಿಸುವುದರಿಂದ ಆ ಧ್ವನಿ ಬರುತ್ತದೆ. ಒಂದೆರಡು ರೂಪಾಯಿಯ 1ಎನ್4148 ಎಂಬ ಸಿಲಿಕಾನ್ ಡಯೋಡಿನಿಂದ ಒಳ್ಳೆಯ ಓವರ್‌ಡ್ರೈವ್ ಬರುವುದಿಲ್ಲ, ಜರ್ಮೇನಿಯಂ ಡಯೋಡ್ ಹಾಕಲೇಬೇಕು ಎಂದು ನನ್ನ ಜೊತೆ ಗಿಟಾರ್ ನುಡಿಸುವವರು ಖಡಾಖಂಡಿತವಾಗಿ ಹೇಳುತ್ತಿದ್ದರು. ಈಗ ಅವರಲ್ಲೇ ಇಬ್ಬರು ನನ್ನಿಂದ ಪೆಡಲ್ ಮಾಡಿಸಿಕೊಂಡಿದ್ದಾರೆ.

ಸರ್ಕ್ಯೂಟ್ ಪೆಡಲ್ ಮಾಡುವವರಿಗೆಲ್ಲ ಪರಿಚಿತವಾದ ಟ್ಯೂಬ್ ಸ್ಕ್ರೀಮರ್ ಎಂಬ ಪೆಡಲ್‌ನ ಮಾದರಿಯದು: ಸಂಕೇತವನ್ನು ಹಿಗ್ಗಿಸುವ 4558 ಐಸಿ, ಅದರ ಫೀಡ್‌ಬ್ಯಾಕ್‌ನಲ್ಲಿ (ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಮರಳುವ ದಾರಿಯಲ್ಲಿ) ಎರಡೂ ದಿಕ್ಕಿಗೆ ಎದುರುಬದುರಾಗಿ ಡಯೋಡ್‌ಗಳು. ಡಯೋಡ್ ಬದಲಿಸುವುದು ಸುಲಭವಾಗಲೆಂದು ಆ ಜಾಗಕ್ಕೆ ಐಸಿ ಸಾಕೆಟ್‌ನ ತುಂಡುಗಳನ್ನು ಬೆಸೆದುಕೊಂಡಿದ್ದೆ.

ಹೆಚ್ಚು ಹಣ ಹೋದದ್ದು ಜರ್ಮೇನಿಯಂಗೆ. 1ಎನ್34ಎ ಎಂದು ಆನ್‌ಲೈನ್‌ನಲ್ಲಿ ಒಂದಕ್ಕೆ ಸುಮಾರು 45 ರೂಪಾಯಿಯಂತೆ ತರಿಸಿದವುಗಳಲ್ಲಿ ಅರ್ಧಕ್ಕೂ ಹೆಚ್ಚು ಶಾಟ್ಕಿ ಎಂಬ ಬೇರೆ ಬಗೆಯ ಡಯೋಡ್‌ಗಳೇ ಆಗಿದ್ದವು. ಡಯೋಡ್ ವಿದ್ಯುತ್ ಹರಿಯಬಿಡುವ ವೋಲ್ಟೇಜನ್ನು ಮಲ್ಟಿಮೀಟರ್ ಎರಡೂ ಬಗೆಯವಕ್ಕೆ 0.3 ವೋಲ್ಟ್‌ನ ಆಸುಪಾಸಿನಲ್ಲೇ ತೋರಿಸುವುದರಿಂದ ಅಲ್ಲಿ ಮೋಸ ಗೊತ್ತಾಗುವುದಿಲ್ಲ. 9 ವೋಲ್ಟ್ ಬ್ಯಾಟರಿಯಿಂದ 1.5 ಕಿಲೋ ಓಮ್ ರೆಸಿಸ್ಟರ್ ಮೂಲಕ ಐದಾರು ಮಿಲಿಆಂಪಿಯರ್ ಹರಿಸಿದಾಗ ಅಸಲಿ ಜರ್ಮೇನಿಯಂ ಅರ್ಧ ವೋಲ್ಟನ್ನು ದಾಟಿತು, ಶಾಟ್ಕಿ ಹೆಚ್ಚೇನೂ ಕದಲಲಿಲ್ಲ.

ಅಸಲಿ ಜೋಡಿಯೂ ಈ ಸರ್ಕ್ಯೂಟ್‌ಗೆ ಒಗ್ಗಲಿಲ್ಲ. ಧ್ವನಿ ಎಷ್ಟು ಒಡೆಯಬೇಕೆಂದು ಹೊಂದಿಸುವ ಡ್ರೈವ್ ಗುಂಡಿಯನ್ನು ಕಾಲು ಭಾಗ ತಿರುಗಿಸುವಷ್ಟರಲ್ಲೇ ಧ್ವನಿ ಒತ್ತಿಹೋಗಿ, ಪಿಕ್‌ನ ಏಟು ಮಾಯವಾಗುತ್ತಿತ್ತು. ಎಂಎಕ್ಸ್‌ಆರ್ ಡಿಸ್ಟಾರ್ಷನ್ ಪ್ಲಸ್ ಪೆಡಲ್‌ನಂತೆ ಡಯೋಡ್‌ಗಳು ಗ್ರೌಂಡ್‌ಗೆ ಹೋಗುವಲ್ಲಿ ಜರ್ಮೇನಿಯಂ ನನಗೂ ಇಷ್ಟವೇ. ಫೀಡ್‌ಬ್ಯಾಕ್‌ನಲ್ಲಿ ಅದರ ಜೋಡಿ ನನಗೆ ಬೇಡ.

ಸುಮಾರು 1.7 ವೋಲ್ಟ್‌ನ ಕೆಂಪು ಎಲ್‌ಇಡಿ ಜೋಡಿಯನ್ನು ಹಾಕಿದಾಗ ಕೇಳಿದವರೆಲ್ಲ ಮೆಚ್ಚಿದರು. ನನಗೆ ಅನುಮಾನ ಬಂದು, ಗಿಟಾರಿನ ಒಂದೇ ಪುಟ್ಟ ತುಣುಕನ್ನು (ರಿಫ್) ರೆಕಾರ್ಡ್ ಮಾಡಿ, ಅದನ್ನೇ ಫೋನಿನಿಂದ ಪೆಡಲ್‌ಗೆ ಹರಿಸಿ, ಪ್ರತಿ ಡಯೋಡ್‌ಗೂ ಲೆವೆಲ್ ಗುಂಡಿ ತಿರುಗಿಸಿ ಧ್ವನಿಯ ಮಟ್ಟವನ್ನು ಸರಿಸಮ ಮಾಡಿ ಕೇಳಿಸಿದೆ. ಆಗ ಅರ್ಧ ಮೆಚ್ಚುಗೆ ಇಳಿದುಹೋಯಿತು, ಏಕೆಂದರೆ ಅವರು ಮೆಚ್ಚಿದ್ದು ಬಹುಪಾಲು ಜೋರನ್ನು. ಈ ಸರಿಸಮ ಮಾಡುವ ಕೆಲಸವಿಲ್ಲದೆ ಡಯೋಡ್ ಹೋಲಿಸುವುದು ವ್ಯರ್ಥವೆಂಬುದು ನನ್ನ ದೃಢ ಅಭಿಪ್ರಾಯ. ಕುತೂಹಲಕ್ಕೆ ಪ್ರತಿ ಬದಿಗೆ ಎರಡೆರಡು ಎಲ್‌ಇಡಿಗಳನ್ನು ಸರಣಿಯಲ್ಲಿಟ್ಟೂ ನೋಡಿದೆ. 9 ವೋಲ್ಟ್‌ನಲ್ಲಿ ಡಯೋಡ್‌ಗಿಂತ ಮೊದಲು ಐಸಿಯೇ ಒರಟಾಗಿ ಕತ್ತರಿಸತೊಡಗಿತು. ಡಯೋಡ್ ಬದಲು 2ಎನ್7000 ಮಾಸ್‌ಫೆಟ್ ಟ್ರಾನ್ಸಿಸ್ಟರ್‌ಗಳನ್ನು ಹಾಕಿದ ಪ್ರಯೋಗ ಒಂದು ಸಂಜೆಯನ್ನು ತಿಂದಿತಾದರೂ, ಮಟ್ಟ ಸಮವಾದ ಮೇಲೆ ಅದರಲ್ಲಿ ಹೊಸದೇನೂ ಕೇಳಿಸಲಿಲ್ಲ.

ಉಳಿದದ್ದು ಎರಡು ಬದಿಗಳ ಅನುಪಾತ. ಬಾಸ್ ಕಂಪನಿಯ ಎಸ್‌ಡಿ-1 ಪೆಡಲ್‌ನಂತೆ ಒಂದು ಬದಿಗೆ ಎರಡು, ಇನ್ನೊಂದಕ್ಕೆ ಒಂದು ಸಿಲಿಕಾನ್ ಇಟ್ಟಾಗ ಒಂಟಿ ಸ್ವರಗಳು ಸೊಗಸಾಗಿದ್ದರೂ, ನನ್ನ ಗಿಟಾರಿನ ನೆಕ್ ಪಿಕಪ್‌ನಲ್ಲಿ (ಕತ್ತಿನ ಬದಿಯ, ತಂತಿಯ ಕಂಪನ ಹಿಡಿಯುವ ಭಾಗ) ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು, ಕಲಸಿಹೋಗುತ್ತಿದ್ದವು. ಆದ್ದರಿಂದ ಒಂದು ಬದಿಗೆ ಒಂದೇ 1ಎನ್4148, ಎದುರು ಬದಿಗೆ 1ಎನ್4148 ಮತ್ತು ಅದರ ಸರಣಿಯಲ್ಲಿ ಒಂದು ಅಸಲಿ ಜರ್ಮೇನಿಯಂ ಇಟ್ಟೆ. ಅಂದರೆ ಅಂದಾಜು 0.6ಕ್ಕೆ ಎದುರಾಗಿ 0.9 ವೋಲ್ಟ್. ಮೆಲ್ಲಗೆ ನುಡಿಸಿದರೆ ತಿಳಿಯಾಗಿ, ಬಲವಾಗಿ ಹೊಡೆದರೆ ಮಾತ್ರ ಒಡೆಯುವ ಧ್ವನಿ ಅಲ್ಲಿ ಸಿಕ್ಕಿತು, ಕಾರ್ಡ್‌ನ ಸ್ವರಗಳೂ ಬಿಡಿಬಿಡಿಯಾಗಿ ಕೇಳಿಸಿದವು. ಒಂದು ಬದಿಯಲ್ಲಿ ಸಣ್ಣ ರೆಸಿಸ್ಟರ್ ಒಂದನ್ನೂ ಸೇರಿಸಿದ್ದೇನೆ. ಅದು ಎಷ್ಟು ಓಮ್‌ನದು, ಎಲ್ಲಿದೆ ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಡಯೋಡ್‌ಗಳ ಹುಡುಕಾಟಕ್ಕೆ ಒಟ್ಟು ಸಾವಿರದೈನೂರು ರೂಪಾಯಿಯಷ್ಟು ಹೋಗಿರಬೇಕು. ಈಗ ಒಂದು ಪೆಡಲ್‌ನ ಡಯೋಡ್‌ಗಳಿಗೆ ತಗಲುವುದು ಐವತ್ತು ರೂಪಾಯಿಯಷ್ಟೇ, 1ಎನ್4148 ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಎಷ್ಟು ಬೇಕಾದರೂ ದೊರೆಯುತ್ತದೆ. ಜರ್ಮೇನಿಯಂ ಬಿಸಿ ತಾಳುವುದಿಲ್ಲವಾದ್ದರಿಂದ ಅದರ ಕಾಲನ್ನು ಗಿಡ್ಡ ಮಾಡದೆ, ಗಾಜಿಗೂ ಬೆಸುಗೆಗೂ ನಡುವೆ ಇಕ್ಕಳದಿಂದ ಹಿಡಿದುಕೊಂಡೇ ಬೆಸೆಯಬೇಕು.